ಬಾಲಿಕೆಯರೂ ಗಣಕವಿದ್ಯೆಯೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಸೀಮೆಗೆ ವಿದ್ಯೆಯೆಂಬುದು ಹೊಸತಲ್ಲ. ಬಳ್ಳಿಗಾವೆಯ ಕೋಡಿಯ ಮಠದಲ್ಲಿ ವೇದವ್ಯಾಕರಣಾದಿಗಳ ಪಾಠವು ನಡೆಯುತ್ತಿದ್ದುದನ್ನೂ, ದೀನರಿಗೂ ರೋಗಿಗಳಿಗೂ ಅನ್ನೌಷಧಗಳು ದೊರೆಯುತ್ತಿದ್ದುದನ್ನೂ ಕ್ರಿ. ಶ. 1162ರ ಶಾಸನವೊಂದು ವಿವರಿಸುತ್ತದೆ. ಅದೇ ಶತಮಾನದಲ್ಲಿ, ಅದೇ ಸೀಮೆಯ ಉಡುತಡಿಯಲ್ಲಿ ಜನಿಸಿದ ಅಕ್ಕಮಹಾದೇವಿಯು ಶರಣರ ನಡುವೆ ನಿಂತು ಪುರುಷರಿಗೆ ಸಮಾನಳಾಗಿ ಮಾತನಾಡಿದಳೆಂಬುದನ್ನು ನಾವೆಲ್ಲರೂ ಬಲ್ಲೆವು. ಇಂತಹ ಸೀಮೆಯ ಬಾಲಿಕೆಯರಿಗೆ ಈ ಕಾಲದ ಮುಖ್ಯ ವಿದ್ಯೆಯಾದ ಗಣಕವಿದ್ಯೆಯು ದೊರೆಯಲು ಅಡ್ಡಿಗಳೇನು, ಅವನ್ನು ನಿವಾರಿಸುವ ಬಗೆಯೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಭ್ರಮೆಯನ್ನು ನೀಗಿಕೊಳ್ಳಬೇಕು. ಮನೆಗೆ ಮೊಬೈಲು ಬಂದಿತೆಂದರೆ ಮನೆಯವರೆಲ್ಲರಿಗೂ ಬಂದಿತೆಂದು ನಾವು ತಿಳಿಯುತ್ತೇವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ ಹಳ್ಳಿಗಳಲ್ಲಿ ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದ ಗಂಡಸರು ನೂರಕ್ಕೆ 48.7, ಹೆಂಗಸರಾದರೋ 24.6 ಮಾತ್ರ. ಇದರ ಕಾರಣವನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ಮನೆಗೊಂದೇ ಮೊಬೈಲು ಇರುವಲ್ಲಿ ಹಗಲೆಲ್ಲ ಅದು ತಂದೆಯ ಜೇಬಿನಲ್ಲಿ ಗದ್ದೆಗೂ ಪೇಟೆಗೂ ಹೋಗುತ್ತದೆ. ಸಂಜೆ ಅಣ್ಣನ ಕೈ ಸೇರುತ್ತದೆ. ಮುಸುರೆ ತಿಕ್ಕಿ ಮುಗಿಸಿ ಹುಡುಗಿಯು ಬರುವ ವೇಳೆಗೆ ಚಾರ್ಜೂ ಮುಗಿದಿರುತ್ತದೆ, ಅವಳ ಶಕ್ತಿಯೂ ಮುಗಿದಿರುತ್ತದೆ.

2020ನೆಯ ಇಸವಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಈ ಭೇದವು ಕಣ್ಣಿಗೆ ಕಟ್ಟುವಂತಾಯಿತು. ನೆಟ್‌ವರ್ಕು ಸಿಕ್ಕದ ಮಲೆನಾಡಿನ ಊರುಗಳಲ್ಲಿ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದರು. ಹುಡುಗನು ಒಬ್ಬನೇ ಗುಡ್ಡಕ್ಕೆ ಹೋದಾನು. ಹುಡುಗಿಯನ್ನು ಒಬ್ಬಳನ್ನೇ ಕಳುಹಿಸಲು ಯಾವ ತಾಯಿಗೆ ಧೈರ್ಯ ಬಂದೀತು?

ಎರಡನೆಯ ಅಡ್ಡಿಯು ಹಿರಿಯರ ಭಯ. ಹುಡುಗಿಯ ಕೈಗೆ ಮೊಬೈಲು ಕೊಟ್ಟರೆ ಕೆಟ್ಟಾಳೆಂದು ಹೇಳುವವರು ಈಗಲೂ ಉಂಟು. ಹೆಣ್ಣಿಗೆ ಅಕ್ಷರ ಕಲಿಸಿದರೆ ಕಂಡವರಿಗೆ ಕಾಗದ ಬರೆದಾಳೆಂದು ಹಿಂದಿನವರು ಅಂಜಿದ್ದುದೂ ಹೀಗೆಯೇ. ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಾವಿಯಲ್ಲಿ ಬಿದ್ದಾರೆಂದು ನೀರು ಸೇದುವುದನ್ನು ಬಿಡುವವರುಂಟೆ? ಸುತ್ತಲೂ ಕಟ್ಟೆ ಕಟ್ಟಿ ಸೇದುವುದನ್ನು ಕಲಿಸುತ್ತೇವಲ್ಲವೆ! ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಲೆಕ್ಕ ಇವೆಲ್ಲವೂ ಗಣಕಯಂತ್ರದೊಳಗೆ ಸೇರಿರುವ ಈ ದಿನಗಳಲ್ಲಿ, ಅದನ್ನು ಅರಿಯದ ಹೆಂಗಸು ತನ್ನ ಗುಟ್ಟಿನ ಸಂಖ್ಯೆಯನ್ನು ಅಂಗಡಿಯ ಅಪರಿಚಿತನಿಗೆ ಒಪ್ಪಿಸಬೇಕಾಗುತ್ತದೆ. ಅಜ್ಞಾನವು ಅವಳನ್ನು ಕಾಯುವುದಿಲ್ಲ, ಪರಾಧೀನಳನ್ನಾಗಿ ಮಾಡುತ್ತದೆ.

ಮೂರನೆಯದು, ಯಂತ್ರವಿದ್ಯೆಯು ಗಂಡಸರದೆಂಬ ನಂಬಿಕೆ. 1946ರಲ್ಲಿ ಅಮೇರಿಕದವರು ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಮಹಾಗಣಕಕ್ಕೆ ಲೆಕ್ಕದ ಕ್ರಮವನ್ನು ಹೂಡಿದವರು ಆರು ಮಂದಿ ಸ್ತ್ರೀಯರು. ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟು ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ಸಂಪರ್ಕ ಶಾಸ್ತ್ರದ ಪ್ರಾಧ್ಯಾಪಕರಾದರು. ಸೊರಬಕ್ಕೆ ಹೊಂದಿಕೊಂಡಿರುವ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಜನಿಸಿದ ಸುಧಾ ಮೂರ್ತಿಯವರು 1974ರಲ್ಲಿ, ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಟೆಲ್ಕೊ ಕಾರ್ಖಾನೆಯ ಜಾಹೀರಾತನ್ನು ಕಂಡು, ಜೆ. ಆರ್. ಡಿ. ಟಾಟಾರವರಿಗೇ ಒಂದು ಕಾರ್ಡು ಬರೆದರು. ಅವರಿಗೆ ಸಂದರ್ಶನದ ಕರೆ ಬಂದಿತು, ಉದ್ಯೋಗವೂ ದೊರೆಯಿತು. ಒಂದು ಕಾರ್ಡಿನ ಪ್ರಶ್ನೆಗೆ ಬಾಗಿಲು ತೆರೆಯಿತೆಂಬುದನ್ನು ನಮ್ಮ ಬಾಲಿಕೆಯರು ಮರೆಯತಕ್ಕದ್ದಲ್ಲ.

ಇನ್ನು ಪರಿಹಾರಗಳು. ಇಂಗ್ಲಿಷು ಬಾರದವರಿಗೆ ಗಣಕವು ಒದಗದೆಂಬ ಮಾತು ಈಗ ಸಲ್ಲದು, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಕನ್ನಡವನ್ನು ಸುಲಭವಾಗಿ ಬೆರಳಚ್ಚು ಮಾಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅನೇಕ ಕಡೆ ಗಣಕಗಳೂ ಅಲ್ಲಿಗೆ ಬಂದಿವೆ. 2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣಕ್ಕೆ ಟಿಕೆಟ್ಟಿನ ಹಣವಿಲ್ಲವಾದುದರಿಂದ, ಬಸ್ಸು ಬರುವ ಊರಿನ ಹುಡುಗಿಗೆ ತಾಲ್ಲೂಕು ಕೇಂದ್ರದ ತರಗತಿಯೂ ಹತ್ತಿರವಾಗಿದೆ.

ಆದರೆ ಸಲಕರಣೆಗಳಿದ್ದ ಮಾತ್ರಕ್ಕೆ ಸಾಲದು. ಗ್ರಂಥಾಲಯದಲ್ಲಿ ಕತ್ತಲಾಗುವುದಕ್ಕೆ ಮುಂಚೆ ಒಂದು ಗಂಟೆಯನ್ನು ಬಾಲಿಕೆಯರಿಗೆಂದೇ ಗೊತ್ತುಮಾಡಬೇಕು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿ ಕಲಿಯುವ ಶಾಲೆಗಳಲ್ಲಿ, ಒಂದು ಗಣಕದ ಸುತ್ತ ನಾಲ್ವರು ಕುಳಿತಾಗ ಮೌಸು ಯಾರ ಕೈಯಲ್ಲಿದೆ ಎಂಬುದನ್ನು ಉಪಾಧ್ಯಾಯರು ಗಮನಿಸತಕ್ಕದ್ದು. ನೋಡುತ್ತ ಕುಳಿತವಳು ಕಲಿತವಳಲ್ಲ. ಮನೆಯಲ್ಲಿ ತಾಯ್ತಂದೆಗಳು ಮಗನಿಗೆ ಕೊಟ್ಟಷ್ಟೇ ಹೊತ್ತನ್ನು ಮಗಳಿಗೂ ಕೊಡಲಿ. ಮುಸುರೆಯ ಪಾಲು ಮಗನಿಗೂ ಇರಲಿ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ತಾವು ಕಲಿತುದನ್ನು ನೆರೆಮನೆಯ ಒಬ್ಬ ಹುಡುಗಿಗಾದರೂ, ತಮ್ಮ ತಾಯಿಗಾದರೂ ಕಲಿಸಿರಿ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದರ ಬೆಳಕು ಕುಂದುವುದಿಲ್ಲವಷ್ಟೆ.