ಮರಣದ ಬಯಕೆ, ಸೇವೆಯ ಹೊಣೆ

ಇಂಗ್ಲೆಂಡಿನ ಟೋನಿ ನಿಕ್ಲಿನ್ಸನ್ ಒಂದು ಕಾಲದಲ್ಲಿ ರಗ್ಬಿ ಆಡುತ್ತಿದ್ದ ದೃಢಕಾಯರು. 2005ರಲ್ಲಿ ಕೆಲಸದ ನಿಮಿತ್ತ ಅಥೆನ್ಸ್ ನಗರಕ್ಕೆ ಹೋಗಿದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಕುತ್ತಿಗೆಯ ಕೆಳಗೆ ದೇಹ ಚಲನೆ ಕಳೆದುಕೊಂಡಿತು, ಮಾತು ನಿಂತಿತು. ಬುದ್ಧಿ ಮಾತ್ರ ಮೊದಲಿನಂತೆಯೇ ಎಚ್ಚರವಾಗಿತ್ತು. ಕಣ್ಣೆವೆ ಮಿಟುಕಿಸಿ ಒಂದೊಂದೇ ಅಕ್ಷರವನ್ನು ಸೂಚಿಸುತ್ತಾ ಅವರು ನ್ಯಾಯಾಲಯವನ್ನು ಬೇಡಿಕೊಂಡರು: ವೈದ್ಯರು ತಮ್ಮ ಜೀವನವನ್ನು ಕೊನೆಗೊಳಿಸಬೇಕು, ಅದಕ್ಕಾಗಿ ವೈದ್ಯರಿಗೆ ಶಿಕ್ಷೆಯಾಗಬಾರದು. 2012ರ ಆಗಸ್ಟ್ 16ರಂದು ಹೈಕೋರ್ಟ್ ಈ ಮನವಿಯನ್ನು ತಳ್ಳಿಹಾಕಿತು. ಬಳಿಕ ಅವರು ಆಹಾರವನ್ನು ನಿರಾಕರಿಸಿದರು. ನ್ಯುಮೋನಿಯಾ ತಗುಲಿ ಆಗಸ್ಟ್ 22ರಂದು ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಆಹಾರತ್ಯಾಗವೆಂದೊಡನೆ ಸಲ್ಲೇಖನ ನೆನಪಾಗುವುದು ಸಹಜ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಹಾಗಾದರೆ ಈ ಎರಡರ ನಡುವಣ ಭೇದವೇನು?

ಪೂಜ್ಯಪಾದ ಆಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವರ್ತಕನೊಬ್ಬನ ದೃಷ್ಟಾಂತ ಕೊಡುತ್ತಾರೆ. ಉಗ್ರಾಣಕ್ಕೆ ವಿಪತ್ತು ಬಂದರೆ ಅವನು ಮೊದಲು ಉಗ್ರಾಣವನ್ನೇ ಉಳಿಸಲು ಯತ್ನಿಸುತ್ತಾನೆ. ಅದು ಅಸಾಧ್ಯವಾದಾಗ ಒಳಗಿನ ಸರಕನ್ನು ಕಾಪಾಡುತ್ತಾನೆ. ದೇಹವೇ ಆ ಉಗ್ರಾಣ, ವ್ರತಶೀಲಗಳೇ ಸರಕು. ಉಗ್ರಾಣಕ್ಕೆ ತಾನೇ ಕಿಚ್ಚಿಡುವ ವರ್ತಕನಿಲ್ಲ. ಆದ್ದರಿಂದಲೇ ಸಲ್ಲೇಖನದ ಐದು ಅತಿಚಾರಗಳಲ್ಲಿ ಜೀವಿತಾಶಂಸೆ, ಮರಣಾಶಂಸೆ ಎರಡೂ ಸೇರಿವೆ. ಇನ್ನಷ್ಟು ಬದುಕಬೇಕೆಂಬ ಹಂಬಲ ಹೇಗೆ ದೋಷವೋ, ಬೇಗ ಸಾಯಬೇಕೆಂಬ ಹಂಬಲವೂ ಹಾಗೆಯೇ ದೋಷ. ವೇದನೆಗೆ ಬೇಸತ್ತು ಮರಣವನ್ನು ಕರೆಯುವಲ್ಲಿ ದ್ವೇಷದ ಎಳೆಯಿದೆ. ಸಮಾಧಿಮರಣಕ್ಕೆ ಸಮಭಾವವೇ ಜೀವಾಳ.

ಕರುಣೆಯಿಂದ ಕೊಲ್ಲಬಹುದೇ ಎಂಬ ಪ್ರಶ್ನೆಯೂ ಹೊಸದಲ್ಲ. ಅಮೃತಚಂದ್ರ ಆಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ದುಃಖ ಬೇಗ ಮುಗಿಯಲೆಂಬ ಭಾವನೆಯಿಂದಲೂ ದುಃಖಿಯನ್ನು ಕೊಲ್ಲಲಾಗದು ಎಂಬುದು ಅವರ ನಿಲುವು. ದೇಹ ಬಿದ್ದರೂ ಕರ್ಮ ಜೀವವನ್ನು ಹಿಂಬಾಲಿಸುತ್ತದೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಹಿಂಸೆಯೇ ಎನ್ನುವ ಧರ್ಮದಲ್ಲಿ ಮದ್ದು ನೀಡುವ ಕೈಗೂ ವಿನಾಯಿತಿಯಿಲ್ಲ.

ಸಮಂತಭದ್ರರ ಕುರಿತ ಪರಂಪರೆಯ ಕಥನವೂ ಇಲ್ಲಿ ಸ್ಮರಣೀಯ. ಭಸ್ಮಕ ರೋಗದಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ರೋಗ ಶಮನವಾಗುವವರೆಗೂ ಬದುಕಿ ಧರ್ಮಕಾರ್ಯ ಮಾಡೆಂದರು. ಅದೇ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ, ಪ್ರತೀಕಾರವಿಲ್ಲದ ರೋಗ ಬಂದಾಗ ಧರ್ಮಕ್ಕಾಗಿ ದೇಹ ತ್ಯಜಿಸಬಹುದೆಂದರು. ನಿಕ್ಲಿನ್ಸನ್ ಅವರದೂ ಪ್ರತೀಕಾರವಿಲ್ಲದ ಸ್ಥಿತಿಯೇ. ಹೊರಗಿನ ಲಕ್ಷಣ ಒಂದೇ ಆದರೂ ಒಳಗಿನ ಭಾವ ಬೇರೆಯಾಗಬಹುದು. ಆ ಭಾವವನ್ನು ಅಳೆಯುವ ಅಧಿಕಾರ ಹಾಸಿಗೆಯ ಪಕ್ಕದಲ್ಲಿ ನಿಂತವರಿಗಿಲ್ಲ. ಅಂಥವರನ್ನು ನಿಂದಿಸುವುದೂ ಹಿಂಸೆಯೇ.

ಆದರೆ ‘ಸಾಯಬೇಡ’ ಎನ್ನುವವರ ಮೇಲೆ ದೊಡ್ಡ ಹೊಣೆಯಿದೆ. ರೋಗಿಯ ಸೇವೆಯಾದ ವೈಯಾವೃತ್ತ್ಯವನ್ನು ಜಿನಾಗಮವು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಕಣ್ಣೆವೆಯ ಒಂದೊಂದು ಮಿಟುಕಿಗೂ ಕಾದು ಅಕ್ಷರ ಜೋಡಿಸುವುದು – ಇವೆಲ್ಲ ತಪಸ್ಸೇ. ಈ ತಪಸ್ಸಿಗೆ ಸಿದ್ಧರಿಲ್ಲದವರು ಆಡುವ ಅಹಿಂಸೆಯ ಮಾತು ಅರ್ಧವೇ ಉಳಿಯುತ್ತದೆ.