ಬೈಕ್ ಇಲ್ಲದ ವಿದ್ಯಾರ್ಥಿಗೆ ಅರೆಕಾಲಿಕ ಕೆಲಸ: ದಾನಿಗಳಿಗೂ ಮನೆಯವರಿಗೂ ಒಂದಿಷ್ಟು ವಿವರ



ಈ ಬಾರಿಯ ವಿದ್ಯಾರ್ಥಿವೇತನ ಸಂದರ್ಶನದಲ್ಲಿ ಫೀಸಿನ ಮಾತು ಮುಗಿದ ಮೇಲೆ ಹಲವು ತಾಯಂದಿರು ಕೇಳಿದ್ದು ಒಂದೇ: “ಸಂಜೆ ಹೊತ್ತಿಗೆ ಇವನಿಗೆ ಏನಾದರೂ ಕೆಲಸ ಸಿಗಬಹುದಾ? ಆದರೆ ಬೈಕ್ ಇಲ್ಲ.” ದಾನಿಗಳ ಕಡೆಯಿಂದಲೂ ಒಂದು ಮಾತು ಆಗಾಗ ಬರುತ್ತದೆ. “ನಾವು ಅಂಗಡಿಯಲ್ಲಿ ನಿಂತು ಓದಿದವರು, ಈಗಿನ ಮಕ್ಕಳೂ ಸ್ವಲ್ಪ ದುಡಿಯಲಿ” ಎಂದು. ಎರಡೂ ಮಾತು ನ್ಯಾಯವೇ. ಹಾಗಾಗಿ ಪ್ರತಿ ವರ್ಷದ ಲೆಕ್ಕಪತ್ರದ ಜೊತೆಗೆ ಈ ಸಲ ಇದರ ಬಗ್ಗೆಯೂ ನಮಗೆ ತಿಳಿದದ್ದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ಹಳೆಯ ಅರ್ಜಿಯಲ್ಲಿ “ವಿದ್ಯಾರ್ಥಿಯ ಸ್ವಂತ ಆದಾಯ” ಎಂಬ ಕಾಲಂ ಇತ್ತು. ಅಲ್ಲಿ ಮೊತ್ತ ಬರೆದವರಿಗೆ ನಾವು ಸಹಾಯಧನವನ್ನು ಸ್ವಲ್ಪ ಇಳಿಸುತ್ತಿದ್ದೆವು. ಹೆಚ್ಚು ಕಷ್ಟದಲ್ಲಿರುವವರಿಗೆ ಹೆಚ್ಚು ಹೋಗಲಿ ಎಂಬುದು ನಮ್ಮ ಲೆಕ್ಕಾಚಾರ. ಪರಿಣಾಮ ಏನಾಯಿತೆಂದರೆ, ದುಡಿಯುವ ಮಕ್ಕಳು ಅಲ್ಲಿ ಸೊನ್ನೆ ಬರೆಯಲು ಕಲಿತರು. ಪದವಿ ಎರಡನೇ ವರ್ಷದಲ್ಲಿದ್ದ ಒಬ್ಬ ಹುಡುಗ ರಾತ್ರಿ ಊಟದ ಪಾರ್ಸೆಲ್ ತಲುಪಿಸುವ ಕೆಲಸಕ್ಕೆ ಸೇರಿದ್ದು ನಮಗೆ ಗೊತ್ತಾದದ್ದು, ಕಾಲೇಜಿನಿಂದ ಹಾಜರಾತಿ ಕೊರತೆಯ ಪತ್ರ ಬಂದ ಮೇಲೆ. ಆ ಕೆಲಸಕ್ಕೆಂದೇ ಫೈನಾನ್ಸ್‌ನಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದಿದ್ದ. ಕಂತು ಕಟ್ಟಲು ಕೆಲಸ, ಕೆಲಸಕ್ಕೆ ಬೈಕ್. ಓದು ಇವೆರಡರ ನಡುವೆ ಸಿಕ್ಕಿಕೊಂಡಿತು. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಅವನಿಗೆ ಅದು ಇರಲಿಲ್ಲ. ಮೊದಲೇ ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಹೇಳಿದರೆ ನೀವು ಕೊಡುವುದೂ ಕಡಿಮೆ ಆಗುತ್ತಿತ್ತಲ್ಲ ಸರ್” ಎಂದ. ನಮ್ಮಲ್ಲಿ ಉತ್ತರ ಇರಲಿಲ್ಲ.

ಆ ಹುಡುಗನ ಪ್ರಸಂಗದಿಂದಲೇ ವಿಷಯಕ್ಕೆ ಬರಬಹುದು. ಬೈಕ್ ಇಲ್ಲದ ವಿದ್ಯಾರ್ಥಿ ಕೆಲಸ ಹುಡುಕುವಾಗ ಮೊದಲು ನೋಡಬೇಕಾದದ್ದು ಸಂಬಳವನ್ನಲ್ಲ, ಬಸ್ಸನ್ನು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ದಾರಿಯನ್ನೇ ತೆಗೆದುಕೊಳ್ಳೋಣ. ನಗರದಿಂದ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ, ನಾಟೆಕಲ್, ಅಸೈಗೋಳಿ ಮೂಲಕ ಕೊಣಾಜೆಗೆ ಬರುತ್ತದೆ. ಕೆಲಸ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣು ಹೋಗುವುದು ಹಂಪನಕಟ್ಟೆಯ ಬಟ್ಟೆ ಅಂಗಡಿಗಳು, ಮಾಲ್‌ಗಳ ಕಡೆಗೆ. ತರಗತಿ ಮುಗಿಸಿ ಅಲ್ಲಿಗೆ ತಲುಪುವಾಗ ಸಂಜೆ ಅರ್ಧ ಹೋಗಿರುತ್ತದೆ. ಅಂಗಡಿಯವರು ಬಾಗಿಲು ಹಾಕಿ ಬಿಡುವಷ್ಟರಲ್ಲಿ ಒಳ ಊರುಗಳಿಗೆ ಬಸ್ಸು ಇರುವುದಿಲ್ಲ, ಇದ್ದರೂ ಸ್ಟೇಟ್‌ಬ್ಯಾಂಕ್‌ನಲ್ಲಿ ಕಾದು ನಿಲ್ಲಬೇಕು. ಜೂನ್, ಜುಲೈ ಮಳೆಯಲ್ಲಂತೂ ಹೇಳುವುದೇ ಬೇಡ. ಅದೇ ದಾರಿಯ ಮಧ್ಯದಲ್ಲಿ ದೇರಳಕಟ್ಟೆ ಇದೆ. ಮೆಡಿಕಲ್ ಕಾಲೇಜುಗಳು, ಆಸ್ಪತ್ರೆಗಳು, ಹಾಸ್ಟೆಲ್‌ಗಳು, ಅವುಗಳನ್ನು ನಂಬಿಕೊಂಡ ಜೆರಾಕ್ಸ್ ಅಂಗಡಿ, ಬೇಕರಿ, ಸೂಪರ್ ಮಾರ್ಕೆಟ್, ಹೋಟೆಲುಗಳು ಅಲ್ಲಿವೆ. ಸಂಜೆ ಜನ ಹೆಚ್ಚಾಗುವ, ಆಗ ಮಾತ್ರ ಒಬ್ಬ ಹೆಚ್ಚುವರಿ ಹುಡುಗ ಬೇಕಾಗುವ ಅಂಗಡಿಗಳು ಇವು.

ಒಂದು ಲೆಕ್ಕ ಮಾಡಿ ನೋಡಿ. ನಗರದ ಅಂಗಡಿಯಲ್ಲಿ ಮೂರು ಗಂಟೆಗೆ 240 ರೂಪಾಯಿ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಹೋಗಿ ಬರಲು 60 ರೂಪಾಯಿ, ಪ್ರಯಾಣಕ್ಕೂ ಕಾಯುವುದಕ್ಕೂ ಒಂದೂವರೆ ಗಂಟೆ. ಕೈಗೆ ಉಳಿಯುವುದು 180 ರೂಪಾಯಿ, ಹೋದದ್ದು ನಾಲ್ಕೂವರೆ ಗಂಟೆ. ಅಂದರೆ ಗಂಟೆಗೆ 40 ರೂಪಾಯಿ. ಹಾಸ್ಟೆಲ್ ಪಕ್ಕದ ಜೆರಾಕ್ಸ್ ಅಂಗಡಿಯವರು ಗಂಟೆಗೆ 60 ಕೊಟ್ಟು ಎರಡು ಗಂಟೆ ಕೂರಿಸಿಕೊಂಡರೆ 120 ರೂಪಾಯಿ ಪೂರ್ತಿ ಕೈಗೆ ಬರುತ್ತದೆ, ಇಶಾ ನಮಾಝಿನ ಹೊತ್ತಿಗೆ ಹುಡುಗ ಪುಸ್ತಕದ ಮುಂದಿರುತ್ತಾನೆ. ಮೊತ್ತ ಬೇರೆ ಬೇರೆ ಇರಬಹುದು. ಆದರೆ ಬಸ್ಸಿನ ಹಣವನ್ನೂ ಹೊತ್ತನ್ನೂ ಕಳೆಯದೆ ಸಂಬಳ ಹೋಲಿಸಬೇಡಿ.

ಬಸ್ ಪಾಸಿನ ವಿಷಯದಲ್ಲೂ ಒಂದು ಮಾತು. ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸ್ ಮನೆಯಿಂದ ಕಾಲೇಜಿನವರೆಗಿನ ದಾರಿಗೆ ಮಾತ್ರ. ಕೆಲಸದ ಜಾಗ ಆ ದಾರಿಯಲ್ಲೇ ಇದ್ದರೆ ಖರ್ಚಿಲ್ಲ, ಬೇರೆ ಕಡೆಯಾದರೆ ಟಿಕೆಟ್ ತೆಗೆಯಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಗಿದೆ. ಆದರೆ ನಮ್ಮ ಜಿಲ್ಲೆಯಲ್ಲಿ ಬಹುಪಾಲು ಓಡಾಟ ಖಾಸಗಿ ಬಸ್ಸುಗಳಲ್ಲೇ. ಅವುಗಳಲ್ಲಿ ಶಕ್ತಿ ಇಲ್ಲ. ತಲಪಾಡಿ ಆಚೆಯ ಮಂಜೇಶ್ವರ, ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳಿಗೂ ಅದು ಸಿಗುವುದಿಲ್ಲ, ಕರ್ನಾಟಕದ ವಿಳಾಸ ಬೇಕು. ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮೊದಲು ಆ ದಾರಿಯಲ್ಲಿ ಸರಕಾರಿ ಬಸ್ಸು ಯಾವ ಹೊತ್ತಿಗಿದೆ, ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಒಂದು ಸಂಜೆ ಖುದ್ದಾಗಿ ಹೋಗಿ ನೋಡಿಕೊಂಡು ಬನ್ನಿ. ಕಂಡಕ್ಟರ್‌ಗಿಂತ ಚೆನ್ನಾಗಿ ಇದನ್ನು ಹೇಳುವವರಿಲ್ಲ.

ಬಸ್ಸೇ ಬೇಡದ ಕೆಲಸಗಳೂ ಇವೆ. ಅವುಗಳಲ್ಲಿ ಮೊದಲನೆಯದು ಟ್ಯೂಷನ್. ನಮ್ಮ ಊರುಗಳಲ್ಲಿ ಮದ್ರಸ ಬೆಳಿಗ್ಗೆಯೇ ಮುಗಿಯುತ್ತದೆ, ಸಂಜೆ ಅಸರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳು ಆಟದಲ್ಲಿರುತ್ತಾರೆ. ಮಗ್ರಿಬ್ ಆದ ಮೇಲೆ ಒಂದು ಗಂಟೆ ಗಣಿತ, ವಿಜ್ಞಾನ ಹೇಳಿಕೊಡುವವರು ಅದೇ ಮೊಹಲ್ಲಾದಲ್ಲಿ ಸಿಕ್ಕರೆ ತಾಯಂದಿರು ದೂರದ ಟ್ಯೂಷನ್ ಸೆಂಟರ್‌ಗೆ ಕಳುಹಿಸುವುದಿಲ್ಲ. ಬಿ.ಎಸ್ಸಿ., ಬಿ.ಕಾಂ. ಓದುವ ಹೆಣ್ಣುಮಕ್ಕಳು ಮನೆಯ ವರಾಂಡದಲ್ಲಿ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ತಮ್ಮ ಪರೀಕ್ಷಾ ಫೀಸನ್ನು ತಾವೇ ಹೊಂದಿಸಿಕೊಂಡದ್ದನ್ನು ನೋಡಿದ್ದೇವೆ. ಒಂದು ತೊಂದರೆ ಮಾತ್ರ ಇದೆ: ನೆರೆಮನೆಯವರಲ್ಲಿ ಹಣ ಕೇಳಲು ಸಂಕೋಚ. ಅದಕ್ಕೆ ಮೊದಲ ದಿನವೇ ತಿಂಗಳಿಗೆ ಇಷ್ಟು, ಇಂಥ ತಾರೀಕಿನೊಳಗೆ ಎಂದು ಹೇಳಿಬಿಡಬೇಕು. ಮಗಳಿಗೆ ಆಗದಿದ್ದರೆ ಉಮ್ಮ ಹೇಳಲಿ. ಕೊಡಲು ಆಗದ ಮನೆಯ ಮಗು ಬಂದರೆ ಸುಮ್ಮನೆ ಕೂರಿಸಿಕೊಳ್ಳಿ, ಅದರ ಮಾತೇ ಬೇರೆ.

ಮೆಹಂದಿ ಹಾಕುವುದು, ಹೊಲಿಗೆ, ಕೇಕ್ ಮಾಡಿ ಕೊಡುವುದು ಇವೂ ನಡೆಯುತ್ತವೆ. ಮೆಹಂದಿಗೆ ಹೋಗುವವರು, ಕರೆದುಕೊಂಡು ಹೋಗಿ ಮನೆಗೆ ಬಿಡುವ ಜವಾಬ್ದಾರಿ ಮದುವೆ ಮನೆಯವರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಹುಡುಗರಿಗೆ ಮದುವೆ ಸೀಸನ್‌ನಲ್ಲಿ ಕ್ಯಾಟರಿಂಗ್ ಕೆಲಸ ಇದೆ. ಕ್ಯಾಟರಿಂಗ್‌ನವರ ಗಾಡಿಯಲ್ಲೇ ಹೋಗಿ ಬರಬಹುದು, ದಿನದ ಕೂಲಿ ದಿನವೇ ಸಿಗುತ್ತದೆ, ರಜಾದಿನಕ್ಕೆ ಸೀಮಿತ. ರಾತ್ರಿ ಪಾರ್ಟಿಗಳಾದರೆ ಮಾತ್ರ ಮರುದಿನ ಬೆಳಗಿನ ತರಗತಿ ಹೋಯಿತೆಂದೇ ಲೆಕ್ಕ. ಕನ್ನಡ ಟೈಪಿಂಗ್ ಚೆನ್ನಾಗಿ ಬಲ್ಲವರಿಗೆ ಪ್ರಿಂಟಿಂಗ್ ಪ್ರೆಸ್‌ಗಳು ಆಮಂತ್ರಣ, ಕರಪತ್ರ, ಸ್ಮರಣ ಸಂಚಿಕೆಗಳ ಕೆಲಸ ಮನೆಗೇ ಕೊಡುತ್ತವೆ. ಹೀಗೆ ಕೈಕೆಲಸ ಬಲ್ಲವರು ನಮ್ಮ ಮಕ್ಕಳಲ್ಲಿ ಕಡಿಮೆ. ಇದ್ದವರಿಗೆ ಕೆಲಸಕ್ಕೆ ಬರವಿಲ್ಲ. ಕೆಲವು ಕಾಲೇಜುಗಳು ಗಳಿಕೆಯ ಜೊತೆ ಕಲಿಕೆ ಎಂದು ತಮ್ಮ ಗ್ರಂಥಾಲಯ, ಕಚೇರಿಗಳಲ್ಲೇ ವಿದ್ಯಾರ್ಥಿಗಳಿಗೆ ಒಂದೆರಡು ಗಂಟೆಯ ಕೆಲಸ ಕೊಡುವುದುಂಟು. ನೋಟಿಸ್ ಬೋರ್ಡಿಗೆ ಕಾಯದೆ ಹೋಗಿ ಕೇಳಬೇಕು.

ಬೆಂಗಳೂರಿನಲ್ಲಿ ಓದುತ್ತಿರುವವರ ಸ್ಥಿತಿ ಬೇರೆ. ಅಲ್ಲಿ ಬಿಎಂಟಿಸಿಯೂ ಮೆಟ್ರೋವೂ ಇರುವುದರಿಂದ ಬೈಕ್ ಇಲ್ಲದಿರುವುದು ಇಲ್ಲಿನಷ್ಟು ತೊಡಕಲ್ಲ. ಡೆಲಿವರಿ ಕೆಲಸಕ್ಕೆ ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರ್ ಸಿಗುತ್ತದೆ. 250 ವ್ಯಾಟ್‌ವರೆಗಿನ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗೆ ಲೈಸನ್ಸ್ ಬೇಡ. ಆದರೆ ದಿನದ ಬಾಡಿಗೆ ಮೊದಲು ದುಡಿಯಬೇಕು, ಆಮೇಲೆ ನಿಮ್ಮದು. ವಾಹನದಟ್ಟಣೆಯಲ್ಲಿ ಆ ಲೆಕ್ಕ ಹೇಗೆ ಕೂಡುತ್ತದೆಂದು ಸೇರುವ ಮೊದಲು ನಾಲ್ಕು ಹುಡುಗರನ್ನು ಕೇಳಿ.

ಹಾಗಾದರೆ ಸಾಲ ಮಾಡಿ ಬೈಕ್ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ಕೆಲಸಕ್ಕಾಗಿ ಮಾತ್ರವಾದರೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಬಡ್ಡಿಯ ವಿಷಯ ಒತ್ತಟ್ಟಿಗಿರಲಿ, ಅದು ನಿಮಗೆ ಗೊತ್ತಿರುವುದೇ. ಕಂತು, ಪೆಟ್ರೋಲ್, ವಿಮೆ, ರಿಪೇರಿ ಕಳೆದರೆ ಉಳಿಯುವುದು ಎಷ್ಟೆಂದು ಕಾಗದದಲ್ಲಿ ಬರೆದು ನೋಡಿ. ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ, ಡೆಲಿವರಿ ಮಾಡುವಾಗ ಅಪಘಾತವಾದರೆ ಕೈಕೊಡಬಹುದು ಎಂಬುದನ್ನೂ ಸೇರಿಸಿಕೊಳ್ಳಿ. ಕೆಲಸ ಬಿಟ್ಟರೂ ಕಂತು ಬಿಡುವುದಿಲ್ಲ. ಪರೀಕ್ಷೆ ಬಂದಾಗ ಒಂದು ತಿಂಗಳು ಬಿಡಲು ಆಗದ ಕೆಲಸ ವಿದ್ಯಾರ್ಥಿಗೆ ಹೇಳಿಸಿದ್ದಲ್ಲ.

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯ. ಓಡಾಟ ಬೇಡ, ಮನೆಯಲ್ಲೇ ಕೂತು ಮೊಬೈಲ್‌ನಲ್ಲಿ ದುಡಿಯಿರಿ ಎಂಬ ಜಾಹೀರಾತುಗಳು ಹುಡುಕಿಕೊಂಡು ಬರುವುದು ಬೈಕ್ ಇಲ್ಲದ ಇಂಥ ಮಕ್ಕಳನ್ನೇ. ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ಸ್ಟಾರ್ ಕೊಡಿ ಎಂದು ಟೆಲಿಗ್ರಾಂನಲ್ಲಿ ಸೇರಿಸುತ್ತಾರೆ. ಮೊದಲು ನೂರು ಇನ್ನೂರು ನಿಜವಾಗಿಯೇ ಕೊಡುತ್ತಾರೆ. ಆಮೇಲೆ ಹೆಚ್ಚು ಲಾಭಕ್ಕೆ ನೀವೇ ಹಣ ಹಾಕಬೇಕು, ಹಾಕಿದ್ದು ಹೋಯಿತು. ಡಾಟಾ ಎಂಟ್ರಿಗೆ ನೋಂದಣಿ ಶುಲ್ಕ ಕೇಳುವವರೂ ಅದೇ ಜಾತಿ. ಕೆಲಸ ಕೊಡುವವನು ನಿಮಗೆ ಹಣ ಕೊಡಬೇಕು, ನಿಮ್ಮಿಂದ ಕೇಳಬಾರದು.

ಇದಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವುದು. “ನಿನ್ನ ಅಕೌಂಟಿಗೆ ಹಣ ಬರುತ್ತದೆ, ತೆಗೆದು ಕೊಡು, ಕಮಿಷನ್ ನಿನಗೆ” ಎಂದು ಪರಿಚಯದ ಹುಡುಗನೇ ಹೇಳಬಹುದು. ಎಟಿಎಂ ಕಾರ್ಡ್, ಸಿಮ್ ಕೇಳಬಹುದು. ಆ ಹಣ ಬೇರೆ ಯಾರಿಂದಲೋ ಸೈಬರ್ ವಂಚನೆಯಲ್ಲಿ ದೋಚಿದ್ದು. ದೂರು ದಾಖಲಾದ ಕೂಡಲೇ ಖಾತೆ ಫ್ರೀಝ್ ಆಗುತ್ತದೆ, ಬೇರೆ ರಾಜ್ಯದ ಪೊಲೀಸರ ನೋಟಿಸು ಮನೆಗೆ ಬರುತ್ತದೆ. ಸರಕಾರದ ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಿಸಿದ ಖಾತೆಗೆ, ಹೆಚ್ಚಿನವರಿಗೆ ಇರುವುದು ಅದೊಂದೇ ಖಾತೆ. ಫೀಸಿನ ಹಣವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಸರು ಎಫ್‌ಐಆರ್‌ನಲ್ಲಿ ಬಂದರೆ ಗಲ್ಫ್‌ಗೆ ಹೋಗುವ ಕನಸಿಗೂ ಪೊಲೀಸ್ ಕ್ಲಿಯರೆನ್ಸ್ ಅಡ್ಡ ಬರುತ್ತದೆ. ಹೆತ್ತವರು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆಂದು ಕೈಮುಗಿದು ಕೇಳುತ್ತೇವೆ. ಹಣ ಕಳೆದುಕೊಂಡವರು ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಕೈಗೆ ಬರುವ ದಾರಿ ಮುಚ್ಚುತ್ತದೆ.

ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿ, ನಕಲು ಪ್ರತಿ ಸಾಕು. ಸಂಬಳ ಎಷ್ಟು, ಯಾವ ದಿನ, ಜುಮಾಕ್ಕೆ ಬಿಡುತ್ತಾರೆಯೇ, ಪರೀಕ್ಷೆಗೆ ರಜೆ ಇದೆಯೇ ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ತಲೆಬಟ್ಟೆ ಹಾಕಿದ ಹೆಣ್ಣುಮಕ್ಕಳನ್ನು ಕೌಂಟರಿನಲ್ಲಿ ಕೂರಿಸಲು ಹಿಂಜರಿಯುವ ಅಂಗಡಿಗಳೂ ಇವೆ ಎಂದು ನಮ್ಮ ಮಕ್ಕಳು ಹೇಳಿದ್ದಾರೆ. ಅಂಥಲ್ಲಿ ವಾದಕ್ಕೆ ನಿಲ್ಲದೆ ನಮಗೆ ತಿಳಿಸಿ, ಬೇರೆ ಬಾಗಿಲು ತೋರಿಸುತ್ತೇವೆ.

ಆ ಬಾಗಿಲು ದಾನಿಗಳಾದ ನಿಮ್ಮದು. ನಿಮ್ಮಲ್ಲಿ ಅಂಗಡಿ, ಕ್ಲಿನಿಕ್, ಶಾಲೆ, ಪ್ರೆಸ್, ಗೋದಾಮು ಇರುವವರು ಬಹಳ ಮಂದಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಲ್ಲುವ ಹುಡುಗ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಲೆಕ್ಕ ಬರೆಯಲು, ಬಿಲ್ಲಿಂಗ್‌ಗೆ ಒಬ್ಬರು ಸಾಕು ಎನ್ನುವವರು ಸಿಕ್ಕರೆ ನಮ್ಮ ಬಿ.ಕಾಂ. ಮಕ್ಕಳಿದ್ದಾರೆ. ಅವರಿಗೆ ಕೊಡುವುದು ಕೂಲಿ. ಅದನ್ನು ಝಕಾತ್‌ಗೆ ಸೇರಿಸಬೇಡಿ, ಝಕಾತ್ ಬೇರೆಯೇ ಇರಲಿ. ರಮಝಾನ್ ತಿಂಗಳ ಸಂಜೆ ವ್ಯಾಪಾರಕ್ಕೆ ಸೇರಿಸಿಕೊಳ್ಳುವವರು, ಆ ಸಮಯದಲ್ಲಿ ಪರೀಕ್ಷೆ ಇದೆಯೇ ಎಂದು ಒಮ್ಮೆ ಕೇಳಿಬಿಡಿ.

ಈ ವರ್ಷದ ಅರ್ಜಿಯ ಬಗ್ಗೆ ತಿಳಿಸುವುದೇನೆಂದರೆ, “ಸ್ವಂತ ಆದಾಯ” ಕಾಲಂ ತೆಗೆದಿದ್ದೇವೆ. ಅದರ ಬದಲು, ಕೆಲಸ ಮಾಡುತ್ತಿದ್ದರೆ ಜಾಗ, ಹೊತ್ತು ಮತ್ತು ಮನೆಗೆ ಮರಳುವ ಬಸ್ಸು ಯಾವುದು ಎಂದು ಕೇಳಿದ್ದೇವೆ. ಅಲ್ಲಿ ಏನು ಬರೆದರೂ ಸಹಾಯಧನ ಇಳಿಯುವುದಿಲ್ಲ. ಬಸ್ ಖರ್ಚನ್ನು ಫೀಸಿನ ಜೊತೆ ಸೇರಿಸಿ ಕೇಳಬಹುದು, ಪಾಸ್ ಅಥವಾ ಟಿಕೆಟ್ ಲಗತ್ತಿಸಿದರೆ ಸಾಕು. ಹಿಂದಿನ ವರ್ಷ ಸೊನ್ನೆ ಬರೆದವರು ಈಗ ನಿಜ ಬರೆದರೆ ಯಾರೂ ಹಳೆಯದನ್ನು ಕೇಳುವುದಿಲ್ಲ. ಮೇಲೆ ಹೇಳಿದ ಆ ಹುಡುಗ ಬೈಕ್ ಮಾರಿ, ಬಿಟ್ಟುಹೋದ ಸೆಮಿಸ್ಟರನ್ನು ಮತ್ತೆ ಓದುತ್ತಿದ್ದಾನೆ. ಅವನ ಅರ್ಜಿಯೇ ಈ ಸಲ ನಮಗೆ ಮೊದಲು ಬಂದದ್ದು.