ಗ್ವಾನಾಹ್ವಾತೊ ನಗರದ ಕಣಜ

ಮೆಕ್ಸಿಕೊ ದೇಶದ ನಡುನಾಡಿನಲ್ಲಿ, ಸುಮಾರು 2,000 ಮೀಟರು ಎತ್ತರದ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಗ್ವಾನಾಹ್ವಾತೊ ನಗರವಿದೆ. ಅದೇ ಹೆಸರಿನ ರಾಜ್ಯಕ್ಕೆ ಅದು ರಾಜಧಾನಿ. ಪುರೆಪೆಚ ಜನರ ನುಡಿಯಲ್ಲಿ ಆ ಹೆಸರಿಗೆ 'ಕಪ್ಪೆಗಳ ಗುಡ್ಡ' ಎಂದು ಅರ್ಥವಂತೆ. ಇಷ್ಟು ಬಡ ಹೆಸರಿನ ನೆಲದಡಿಯಲ್ಲಿ ಸ್ಪೇನಿನವರಿಗೆ ದೊರೆತದ್ದು ಬೆಳ್ಳಿ! ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿನ ವಲೆನ್ಸಿಯಾನ ಗಣಿ ಲೋಕದ ಅತ್ಯಂತ ಸಮೃದ್ಧ ಬೆಳ್ಳಿಗಣಿಗಳಲ್ಲಿ ಒಂದಾಗಿತ್ತು. ಗಣಿಯ ಬಳಿ 1788ರಲ್ಲಿ ಮುಗಿದ ಇಗರ್ಜಿಯ ವೇದಿಕೆಗಳಿಗೆ ಚಿನ್ನದ ತಗಡು ಹೊದಿಸಿದೆ. 1803ರಲ್ಲಿ ಬಂದ ಹಂಬೋಲ್ಟನು ಮಾತ್ರ, ಅದಿರಿನ ಹೊರೆ ಬೆನ್ನಿಗೇರಿಸಿ ಪಾತಾಳದಿಂದ ಮೆಟ್ಟಿಲು ಹತ್ತುತ್ತಿದ್ದ ಕೂಲಿಗಳನ್ನೂ ಮರೆಯದೆ ವರ್ಣಿಸಿದ್ದಾನೆ.

ಊರಿಗೆ ನೇರವಾದ ಬೀದಿಗಳು ಕಡಿಮೆ. ಇರುವುವು ಓಣಿಗಳು, ಮೆಟ್ಟಿಲುಗಳು. ನದಿ ಪದೇ ಪದೇ ಉಕ್ಕಿ ಮನೆಗಳನ್ನು ಮುಳುಗಿಸುತ್ತಿತ್ತು. 1905ರ ಪ್ರವಾಹ ಘೋರವಾದುದು. ಕೊನೆಗೆ ನದಿಯನ್ನು ಬೇರೆಡೆಗೆ ತಿರುಗಿಸಿದರು. ಹಳೆಯ ಪಾತ್ರವೀಗ ಊರಿನಡಿಯ ಹೆದ್ದಾರಿ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅಲೊಂದಿಗಾ ಎಂಬ ಕಣಜ. ಕ್ಷಾಮದ ಕಾಲಕ್ಕೆ ಜೋಳ ಕೂಡಿಡಲೆಂದು ರಿಯಾನ್ಯೊ ಎಂಬ ಅಧಿಕಾರಿ ಕಟ್ಟಿಸಿದ ಕಟ್ಟಡವದು. ಕೆಲಸ ಪೂರೈಸಿದ್ದು 1809ರಲ್ಲಿ. ಮರುವರ್ಷ ಸೆಪ್ಟೆಂಬರ್ 28ರಂದು, ಡೊಲೋರೆಸ್ ಊರಿನ ಪಾದ್ರಿ ಹಿದಾಲ್ಗೊ ಸ್ವಾತಂತ್ರ್ಯದ ಬಾವುಟ ಹಿಡಿದು ಸಾವಿರಾರು ಜನರೊಂದಿಗೆ ಬಂದಾಗ, ರಿಯಾನ್ಯೊ ಸ್ಪೇನಿನ ಕುಟುಂಬಗಳನ್ನೂ ಅವರ ಹಣವನ್ನೂ ಅದರೊಳಗೆ ಸೇರಿಸಿ ಬಾಗಿಲು ಮುಚ್ಚಿಸಿದನು. ಇಬ್ಬರೂ ಹಿಂದೆ ಒಬ್ಬರನ್ನೊಬ್ಬರು ಗೌರವಿಸುತ್ತಿದ್ದವರು! ಪಿಪಿಲಾ ಎಂಬ ಗಣಿಗಾರನು ಚಪ್ಪಡಿಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ತೆವಳಿ ಹೋಗಿ ಬಾಗಿಲಿಗೆ ಬೆಂಕಿಯಿಟ್ಟನೆಂದು ಪ್ರತೀತಿ. ಅವನಿದ್ದದ್ದೇ ನಿಜವೆ ಎಂದು ಸಂಶಯಿಸುವ ಇತಿಹಾಸಕಾರರುಂಟು. ಊರಿಗೆ ಆ ಸಂಶಯವಿಲ್ಲ. ಗುಡ್ಡದ ಮೇಲೆ ಪಂಜು ಹಿಡಿದ ಅವನ ಭಾರಿ ವಿಗ್ರಹ ನಿಂತಿದೆ.

ಒಳನುಗ್ಗಿದವರು ಮಾಡಿದ್ದು ಕೊಲೆ, ಸೂರೆ. ಇದನ್ನು ಮರೆಸಿ ವೀರಗಾಥೆ ಹಾಡುವುದು ನನಗೆ ಸಮ್ಮತವಲ್ಲ. ತಲೆಮಾರುಗಳಿಂದ ಅದಿರು ಹೊತ್ತ ಬೆನ್ನುಗಳ ಸಿಟ್ಟನ್ನು ಬಿಟ್ಟು ಆ ಕೊಲೆಗಳನ್ನಷ್ಟೇ ಎಣಿಸುವುದೂ ನ್ಯಾಯವಲ್ಲ. ರಿಯಾನ್ಯೊ ಅಂದೇ ಸತ್ತನು. 1811ರಲ್ಲಿ ಹಿದಾಲ್ಗೊ, ಅಯೆಂದೆ, ಅಲ್ದಾಮ, ಹಿಮೆನೆಸ್ ಈ ನಾಲ್ವರನ್ನೂ ಸರ್ಕಾರ ಗುಂಡಿಟ್ಟು ಕೊಂದು, ಅವರ ತಲೆಗಳನ್ನು ಪಂಜರಗಳಲ್ಲಿಟ್ಟು ಅದೇ ಕಣಜದ ನಾಲ್ಕು ಮೂಲೆಗಳಿಗೆ ತೂಗುಹಾಕಿತು. ಹತ್ತು ವರ್ಷ, 1821ರಲ್ಲಿ ಸ್ವಾತಂತ್ರ್ಯ ಬರುವವರೆಗೂ, ಅವು ಅಲ್ಲೇ ಇದ್ದವು. ಕಣಜ ಮುಂದೆ ಸೆರೆಮನೆಯಾಗಿ, ಈಗ ವಸ್ತುಸಂಗ್ರಹಾಲಯವಾಗಿದೆ. ಆ ನಾಲ್ಕು ಮೂಲೆಗಳಲ್ಲಿ ನಾಲ್ಕು ಹೆಸರುಗಳನ್ನು ಇಂದಿಗೂ ಓದಬಹುದು.